ಕೊರವ ಮೀನಿಗೆ ಕಪ್ಪೆ ಲ್ಯೂರ್: ಎಸೆಯುವ ಮುಂಚೆ ಇಷ್ಟು ಮಾಡಿ
ಕೊಡಗಿನ ತೋಟದ ಕೆರೆಗಳಲ್ಲಿ ಕೊರವ ಹಿಡಿಯುವವರು ರಬ್ಬರ್ ಕಪ್ಪೆಯನ್ನು (ಲ್ಯೂರ್, ಅಂದರೆ ಮೀನನ್ನು ಸೆಳೆಯುವ, ಗಾಳವಿರುವ ಟೊಳ್ಳು ಮೈಯ ನಕಲಿ ಕಪ್ಪೆ) ಅಂಗಡಿಯಿಂದ ತಂದ ಹಾಗೇ ಎಸೆಯಬೇಡಿ. ಮೀನು ಕಚ್ಚಿಯೂ ತಪ್ಪಿಸಿಕೊಳ್ಳುವುದು ಹೆಚ್ಚಾಗಿ ಜೋಡಿ ಗಾಳದ ಮೊನೆಗಳು ಮೈಗೆ ತೀರಾ ಅಂಟಿಕೊಂಡಿರುವುದರಿಂದ. ಇಕ್ಕಳದಿಂದ ಎರಡನ್ನೂ 1–2 ಮಿ.ಮೀ. ಮೇಲಕ್ಕೆತ್ತಿ, ತುಸು ಹೊರಕ್ಕೆ ಬಗ್ಗಿಸಿ. ಅದಕ್ಕಿಂತ ಹೆಚ್ಚಾದರೆ ಅಂತರಗಂಗೆಗೆ ಸಿಕ್ಕಿಕೊಳ್ಳುತ್ತದೆ.

ಕಾಲಿನ ಎಳೆಗಳನ್ನು ಅರ್ಧ ಇಂಚು ಕತ್ತರಿಸಿದರೆ ಕಪ್ಪೆ ಎಡಬಲಕ್ಕೆ ಸಲೀಸಾಗಿ ತಿರುಗುತ್ತದೆ. ದೂರ ಎಸೆಯಲು ಒಳಗೆ 2 ಗ್ರಾಂ ಸೀಸದ ಗುಂಡು ಸಾಕು. ಬಕೆಟ್ ನೀರಲ್ಲಿ ತೇಲಿಸಿ, ಮೂತಿ ಮೇಲಿದೆಯೇ ನೋಡಿ.

ಮೂತಿಯ ಸಂದಿಗೆ ಸಿಲಿಕೋನ್ ಅಂಟು ಹಚ್ಚಿ. ಹಿಂದಿನ ತೂತು ಮಾತ್ರ ಮುಚ್ಚಲೇಬೇಡಿ: ಗಾಳಿ ಹೊರಹೋಗದಿದ್ದರೆ ಮೈ ಅಮುಕುವುದಿಲ್ಲ, ಗಾಳ ಬಾಯಿಗೆ ನಾಟುವುದಿಲ್ಲ.

ಮಳೆಗಾಲದಲ್ಲಿ ಮರಿಗಳ ಗುಂಪು ಕಂಡಲ್ಲಿ ದಯವಿಟ್ಟು ಎಸೆಯಬೇಡಿ. ಕಾವಲಿರುವ ದೊಡ್ಡ ಮೀನು ಹೋದರೆ ಮರಿಗಳು ಬೇರೆ ಮೀನುಗಳ ಪಾಲು.