ಹಿಮದ ಬೆಟ್ಟಕ್ಕೆ ಹೋಗೋರು ಹೊರಡೋ ಮುಂಚೆ ಇದನ್ನ ಓದ್ಕೊಳ್ಳಿ

ಸ್ನೋ ಟ್ರೆಕ್ಕು, ಸ್ಕೀಯಿಂಗು ಅಂತ ಹೊರಡೋರು ದಯವಿಟ್ಟು ಮೊದ್ಲು ಇಳಿಜಾರು ಎಷ್ಟು ಡಿಗ್ರಿ ಇದೆ ಅಂತ ಅಳೀರಿ, ಫೋನಲ್ಲೇ ಅದಕ್ಕೆ ಆ್ಯಪ್ ಸಿಗುತ್ತೆ, ಹಿಮಕುಸಿತ ಬಹುಪಾಲು ಶುರುವಾಗೋದು 30ರಿಂದ 45 ಡಿಗ್ರಿ ಇಳಿಜಾರಲ್ಲೇ. ನೀವು ನಿಂತಿರೋ ಜಾಗ ಸಪಾಟಾಗಿದ್ರೂ ಮೇಲ್ಗಡೆ ಅಂಥ ಇಳಿಜಾರು ಇದ್ರೆ ಅದು ಜಾರಿ ನಿಮ್ಮ ಮೇಲೇ ಬರುತ್ತೆ, ಇದನ್ನ ತುಂಬ ಜನ ಮರೀತಾರೆ.

ಹಿಮ ಅಂದ್ರೆ ಒಂದೇ ರಾಶಿ ಅಲ್ಲ, ಪದರ ಪದರ. ಕೆಳಗೆ ಸಕ್ಕರೆ ಥರ ಉದುರೋ ಹರಳು, ಮೇಲೆ ಗಾಳಿ ತಂದು ಒಟ್ಟಿದ ಗಟ್ಟಿ ಹಾಸು ಇದ್ರೆ ಅದೇ ಅಪಾಯ. ನಡೀವಾಗ ಕಾಲಡಿ ಧುಪ್ ಅಂತ ಕುಸಿದ ಸದ್ದು ಬಂದ್ರೆ, ಹೆಜ್ಜೆ ಇಟ್ಟಲ್ಲಿಂದ ಬಿರುಕು ಸರ್ರನೆ ಓಡಿದ್ರೆ, ಅಕ್ಕಪಕ್ಕ ಹೊಸದಾಗಿ ಕುಸಿದ ಗುರುತು ಕಂಡ್ರೆ ಟೆಸ್ಟು ಗಿಸ್ಟು ಏನೂ ಬೇಡ, ಕಡಿದಾದ ಕಡೆ ಹೋಗ್ಲೇಬೇಡಿ.

ಹಿಮದ ಪದರ ಎಷ್ಟು ಗಟ್ಟಿ ಅಂತ ಗುಂಡಿ ತೋಡಿ ನೋಡೋದು ಕಲಿತಿದ್ರೆ 30 ಸೆಂಟಿಮೀಟರ್ ಉದ್ದ ಅಗಲದ ಹಿಮದ ಕಂಬ ಬಿಡಿಸಿ, ಮೇಲೆ ಸಲಿಕೆ ಇಟ್ಟು ಮಣಿಕಟ್ಟಿಂದ 10, ಮೊಣಕೈಯಿಂದ 10, ಭುಜದಿಂದ 10 ಸಲ ತಟ್ಟಿ. ಬೇಗ ಒಡೆದು ನೀಟಾಗಿ ಜಾರಿ ಈಚೆ ಬಂತೋ, ಆ ಇಳಿಜಾರು ಬಿಟ್ಬಿಡಿ. ಒಡೀಲಿಲ್ಲ ಅಂತ ಸೇಫ್ ಅನ್ಕೋಬೇಡಿ, ಸ್ವಲ್ಪ ಆಚೆಗೇ ಪದರ ಬೇರೆ ಥರ ಇರಬಹುದು.

ಹಿಮಕುಸಿತದ ಅಪಾಯ ಎಷ್ಟಿದೆ ಅಂತ ಹೇಳೋ ಬುಲೆಟಿನ್ನಲ್ಲಿ ಅಪಾಯದ ಮಟ್ಟ 5ರಲ್ಲಿ 3 ಅಂತ ಇದ್ರೆ ಮಧ್ಯಮ ತಾನೇ ಅಂತ ಹೋಗೋರನ್ನ ನೋಡಿದ್ರೆ ನಂಗೆ ಭಯ ಆಗುತ್ತೆ, ಆ ಮಟ್ಟದಲ್ಲಿ ಒಬ್ಬರ ಭಾರಕ್ಕೇ ಕುಸೀಬಹುದು. ಟ್ರಾನ್ಸೀವರ್ (ಹೂತೋರು ಎಲ್ಲಿದ್ದಾರೆ ಅಂತ ಸಿಗ್ನಲ್‌ನಿಂದ ಹುಡುಕೋ ಸಾಧನ), ಪ್ರೋಬ್ (ಹಿಮದೊಳಗೆ ಚುಚ್ಚಿ ಹುಡುಕೋ ಉದ್ದ ಕೋಲು), ಸಲಿಕೆ ಮೂರೂ ಪ್ರತಿಯೊಬ್ಬರ ಹತ್ರ ಇರ್ಲಿ, ಯಾಕಂದ್ರೆ ಹೂತುಹೋದೋರನ್ನ ಜೊತೇಲಿರೋರೇ ನಿಮಿಷಗಳಲ್ಲಿ ತೋಡಿ ತೆಗೀಬೇಕು, ರೆಸ್ಕ್ಯೂ ಟೀಮ್ ಬರೋವರೆಗೆ ಟೈಮ್ ಇರಲ್ಲ.