ಪ್ರೌಢಶಾಲೆಯ ತರಗತಿಗೊಂದು ದಿನಚರಿ: ಮೊದಲ ವರ್ಷದಿಂದ ಬೀಳ್ಕೊಡುಗೆಯವರೆಗೆ

ತರಗತಿಯ ನೆನಪಿನ ಪುಸ್ತಕ ಮಾಡೋಣವೆಂಬ ಮಾತು ಹೆಚ್ಚಾಗಿ ಬರುವುದು ಬೀಳ್ಕೊಡುಗೆಗೆ ತಿಂಗಳಿರುವಾಗ. ಅಷ್ಟರಲ್ಲಿ ಮೊದಲ ವರ್ಷದ ಫೋಟೊಗಳು ಯಾರ ಫೋನಿನಲ್ಲಿವೆಯೋ ತಿಳಿಯದು. ನಾಟಕದಲ್ಲಿ ಯಾರು ಯಾವ ಪಾತ್ರ ಮಾಡಿದ್ದರೆಂದು ಕೇಳಿದರೆ ನಾಲ್ವರು ನಾಲ್ಕು ಹೇಳುತ್ತಾರೆ. ಆದ್ದರಿಂದ ತರಗತಿಯ ದಿನಚರಿಯನ್ನು ಮೊದಲ ವರ್ಷದ ಮೊದಲ ತಿಂಗಳಲ್ಲೇ ಶುರುಮಾಡಿ.

ವರ್ಷಕ್ಕೊಂದರಂತೆ 200 ಪುಟದ, ಹೊಲಿಗೆ ಹಾಕಿದ ಗಟ್ಟಿ ರಟ್ಟಿನ ಪುಸ್ತಕ ಸಾಕು. ಸ್ಪೈರಲ್ ಪುಸ್ತಕ ಬೇಡ, ಹಾಳೆ ಸುಲಭವಾಗಿ ಕಿತ್ತುಬರುತ್ತದೆ. ಬರೆಯುವ ಕೆಲಸವನ್ನು ತಿಂಗಳಿಗೆ ಇಬ್ಬರಂತೆ ಹಾಜರಿ ಪಟ್ಟಿಯ ಕ್ರಮದಲ್ಲಿ ಹಂಚಿ. ಅಕ್ಷರ ಚೆನ್ನಾಗಿದೆಯೆಂದು ಒಬ್ಬರಿಗೇ ಒಪ್ಪಿಸಿದರೆ ಅವರ ಗೆಳೆಯರ ಸುದ್ದಿಯೇ ಪುಸ್ತಕ ತುಂಬುತ್ತದೆ.

ವಾರದ ಕೊನೆಯ ದಿನ ಹತ್ತು ನಿಮಿಷ, ಎಂಟು ಹತ್ತು ಸಾಲು. ದಿನಾಂಕ, ನಡೆದದ್ದು, ಯಾರು ಏನು ಮಾಡಿದರು. ‘ವಿಜ್ಞಾನ ಪ್ರದರ್ಶನ ಯಶಸ್ವಿಯಾಗಿ ನೆರವೇರಿತು’ ಎಂಬ ಸಾಲಿನಿಂದ ಏನೂ ಉಳಿಯುವುದಿಲ್ಲ. ‘ನೀರು ಸೋಸುವ ಮಾದರಿಯಲ್ಲಿ ಮರಳಿನ ಕೆಳಗೆ ಹತ್ತಿ ಇಡಲು ಮರೆತೆವು, ಮರಳೆಲ್ಲ ಲೋಟಕ್ಕಿಳಿಯಿತು, ಊಟದ ಬಿಡುವಿನಲ್ಲಿ ಮತ್ತೆ ಜೋಡಿಸಿದೆವು’ ಎಂದು ಬರೆದು ಜೋಡಿಸಿದವರ ಹೆಸರು ಸೇರಿಸಿದರೆ ಅದು ದಾಖಲೆ. ಅಂಕ, ಶಿಕ್ಷೆ, ಕಾಯಿಲೆ, ಮನೆಯ ತೊಂದರೆ ಬರೆಯಬಾರದು. ನಡುವೆ ಶಾಲೆ ಬಿಟ್ಟವರ ಹೆಸರು ಹೊಡೆದುಹಾಕದೆ, ಬಿಟ್ಟ ತಿಂಗಳನ್ನು ಪಕ್ಕದಲ್ಲಿ ಗುರುತಿಸಿ.

ಅಂಕಗಳಿಲ್ಲದೆ ಪ್ರಗತಿ ಕಾಣಿಸುವುದು ಹೇಗೆ? ಪ್ರತಿವರ್ಷ ಅದೇ ವಾರದಲ್ಲಿ ಅದೇ ಕೆಲಸ ಕೊಡಿ: ‘ನಮ್ಮ ತರಗತಿ’ ಎಂಬ ವಿಷಯದ ಮೇಲೆ 30 ನಿಮಿಷದಲ್ಲಿ ಒಂದು ಪುಟ ಬರಹ, ಜೊತೆಗೆ ಅದೇ ಪದ್ಯದ ಒಂದು ನಿಮಿಷದ ವಾಚನ, ಧ್ವನಿಮುದ್ರಣದೊಂದಿಗೆ. ವಿಷಯ ಬದಲಾದರೆ ಹೋಲಿಕೆ ಕೆಡುತ್ತದೆ. ಶಿಕ್ಷಕರು ಈ ಪುಟಗಳ ತಪ್ಪು ತಿದ್ದಬಾರದು. ಮೊದಲ ವರ್ಷದ ಒತ್ತಕ್ಷರದ ತಪ್ಪು ಹಾಗೇ ಉಳಿದರಷ್ಟೇ ಕೊನೆಯ ವರ್ಷದ ಪುಟಕ್ಕೆ ಬೆಲೆ. ಹಾಳೆಗಳನ್ನು ಲಕೋಟೆಯಲ್ಲಿ ಮುಚ್ಚಿಡಿ. ಹಳೆಯದನ್ನು ನೋಡಿ ಬರೆದರೆ ಬರಹ ಅದರ ನಕಲಾಗುತ್ತದೆ.

ಗುಂಪು ಫೋಟೊ ಕೂಡ ಹಾಗೆಯೇ, ಪ್ರತಿವರ್ಷ ಅದೇ ಮೆಟ್ಟಿಲು, ಅದೇ ದೂರ. ಹೆಸರುಗಳನ್ನು ಅಂದೇ ಬರೆದುಕೊಳ್ಳಿ: ಸಾಲುಸಾಲಾಗಿ, ನೋಡುವವರ ಎಡದಿಂದ ಬಲಕ್ಕೆ, ಕೊನೆಯಲ್ಲಿ ಗೈರುಹಾಜರಾದವರು. ಫೋಟೊದ ಹಿಂಬದಿಗೆ ಮೆದು ಪೆನ್ಸಿಲ್ ಸಾಕು, ಬಾಲ್‌ಪೆನ್ನಿನ ಗೆರೆ ಮುಂದಕ್ಕೆ ಉಬ್ಬಿ ಕಾಣುತ್ತದೆ. ಫೋಟೊ ಬೇಡವೆನ್ನುವವರನ್ನು ಒತ್ತಾಯಿಸಬೇಡಿ.

ವಾಟ್ಸಾಪ್‌ನಲ್ಲಿ ಸಾಮಾನ್ಯ ಚಿತ್ರವಾಗಿ ಕಳಿಸಿದರೆ ಫೋಟೊ ಕುಗ್ಗುತ್ತದೆ, ತೆಗೆದ ದಿನಾಂಕದ ಮಾಹಿತಿಯೂ ಅಳಿಯುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. 4×6 ಇಂಚಿನ ಒಳ್ಳೆಯ ಮುದ್ರಣಕ್ಕೆ 1200×1800 ಪಿಕ್ಸೆಲ್ ಬೇಕು. ಫೈಲಿನ ಹೆಸರು 2025-08-14 ಎಂದು ವರ್ಷ, ತಿಂಗಳು, ದಿನದ ಕ್ರಮದಲ್ಲಿ ಶುರುವಾದರೆ ಎಲ್ಲವೂ ತಾನಾಗಿ ಸಾಲಿಗೆ ನಿಲ್ಲುತ್ತವೆ. ಪ್ರತಿಗಳು ಮೂರಿರಲಿ, ಒಂದು ಶಾಲೆಯ ಹೊರಗೆ. ಪ್ರತಿ ರಜೆಯಲ್ಲೂ ತೆರೆದು ನೋಡಿ. ಪೆನ್‌ಡ್ರೈವ್ ಕೆಟ್ಟಿದ್ದು ಬೇಕಾದ ದಿನವೇ ಗೊತ್ತಾಗಬಾರದು.

ಪುಸ್ತಕಕ್ಕೆ ಅಂಟಿಸಲು ಸೆಲೋಟೇಪ್ ಬೇಡ. ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಬಿಟ್ಟುಕೊಳ್ಳುತ್ತದೆ, ಕಲೆ ಉಳಿಯುತ್ತದೆ. ನಾಲ್ಕು ಮೂಲೆಗೆ ಕಾಗದದ ಫೋಟೊ ಕಾರ್ನರ್ (ಫೋಟೊದ ಮೂಲೆ ಸಿಕ್ಕಿಸುವ ಪುಟ್ಟ ಜೇಬು) ಹಾಕಿ. ಪತ್ರಿಕೆಯ ಕಾಗದದಲ್ಲಿ ಆಮ್ಲ ಹುಟ್ಟಿ ಪಕ್ಕದ ಹಾಳೆಗೂ ಹಬ್ಬುವುದರಿಂದ, ತುಣುಕಿನ ಬದಲು ಅದರ ಜೆರಾಕ್ಸ್ ಇಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಎಣಿಕೆ. ಅರ್ಧವರ್ಷಕ್ಕೊಮ್ಮೆ ಹಾಜರಿ ಪಟ್ಟಿ ಹಿಡಿದು, ಯಾರ ಹೆಸರು ದಿನಚರಿಯಲ್ಲಿ ಎಷ್ಟು ಸಲ ಬಂದಿದೆಯೆಂದು ಗೀಟು ಹಾಕಿ. ಬಹುಮಾನ ಗೆದ್ದವರ ಮುಂದೆ ಗೀಟುಗಳ ಸಾಲು, ಮಾತು ಕಡಿಮೆಯಿರುವವರ ಮುಂದೆ ಖಾಲಿ. ಖಾಲಿಯಿದ್ದವರ ಬಳಿ ಕೂತು ಕೇಳಿ: ನಾಟಕದ ಪರದೆ ಕಟ್ಟಿದ್ದು, ಗಿಡಗಳಿಗೆ ನೀರು ಹಾಕಿದ್ದು, ಗಣಿತ ಹೇಳಿಕೊಟ್ಟಿದ್ದು ಅವರೇ ಆಗಿರಬಹುದು. ಅದನ್ನು ಮುಂದಿನ ವಾರದ ಪುಟದಲ್ಲಿ, ನಡೆದ ದಿನಾಂಕದೊಂದಿಗೆ ಸೇರಿಸಿ.