ಅತ್ತೆಯ ಪೌರತ್ವ ಪರೀಕ್ಷೆಗೆ ನಾನು ಮಾಡಿದ ಪಾಠ

ಹಿರಿಯರನ್ನು ಅಮೆರಿಕದ ಪೌರತ್ವ ಪರೀಕ್ಷೆಗೆ ಸಿದ್ಧ ಮಾಡುವಾಗ ನನಗೆ ಎದುರಾದ ತೊಡಕು ವಿಚಿತ್ರದ್ದು: ಅವರಿಗೆ ರಾಜಕೀಯ ಬೇಕಾದ್ದಕ್ಕಿಂತ ಹೆಚ್ಚು ಗೊತ್ತು. ನಮ್ಮತ್ತೆ ಹಾಸನದ ಕಡೆಯವರು. ಯಾವ ವರ್ಷ ಯಾರ ಸರ್ಕಾರ ಬಿತ್ತು, ಯಾರು ಯಾವ ಪಕ್ಷಕ್ಕೆ ಹಾರಿದರು, ಎಲ್ಲ ನಾಲಿಗೆಯ ತುದಿಯಲ್ಲಿ. ಅಮೆರಿಕವನ್ನೂ ಅದೇ ಲೆಕ್ಕದಲ್ಲಿ ನೋಡುತ್ತಿದ್ದರು, ಉತ್ತರ ತಪ್ಪುತ್ತಿದ್ದುದು ಅಲ್ಲೇ.

ಅರ್ಜಿ ಹಾಕುವ ಹೊತ್ತಿಗೆ 55 ವರ್ಷ ದಾಟಿ, ಗ್ರೀನ್ ಕಾರ್ಡ್ ಮೇಲೆ 15 ವರ್ಷ ಇಲ್ಲಿದ್ದವರಿಗೆ ಇಂಗ್ಲಿಷ್ ಪರೀಕ್ಷೆ ಇಲ್ಲ. ಸಿವಿಕ್ಸ್, ಅಂದರೆ ದೇಶದ ಆಡಳಿತ ಮತ್ತು ಇತಿಹಾಸದ ಪ್ರಶ್ನೆಗಳಿಗೆ ದುಭಾಷಿಯ ಮೂಲಕ ಕನ್ನಡದಲ್ಲೇ ಉತ್ತರಿಸಬಹುದು. 65 ದಾಟಿ 20 ವರ್ಷ ಇದ್ದವರಿಗಂತೂ ಓದಬೇಕಾದದ್ದು 20 ಪ್ರಶ್ನೆ ಮಾತ್ರ. ನಮ್ಮತ್ತೆ ಮೊದಲ ಗುಂಪಿನವರು. ಅವರ ಕಾಲಕ್ಕೆ ಪಟ್ಟಿಯಲ್ಲಿ 100 ಪ್ರಶ್ನೆ. ಕೇಳುವುದು 10, ಸರಿಯಾಗಬೇಕಾದ್ದು 6. 2025ರ ಅಕ್ಟೋಬರ್ 20ರಿಂದ ಈಚೆಗೆ ಅರ್ಜಿ ಹಾಕಿದವರಿಗೆ ಪಟ್ಟಿ 128ಕ್ಕೆ ಏರಿದೆ. ಕೇಳುವುದು 20, ಸರಿಯಾಗಬೇಕಾದ್ದು 12. ಅತ್ತೆ ಪಾಸಾದ ಮೇಲೆ ಅವರ ವಾಕಿಂಗ್ ಗೆಳತಿಯರು, ಗೆಳತಿಯರ ಯಜಮಾನರುಗಳೆಲ್ಲ ನಮ್ಮ ಮನೆಗೇ ಬರತೊಡಗಿದರು. ಹಾಗಾಗಿ ಈ ಪಾಠ ಇನ್ನೂ ನಡೆಯುತ್ತಿದೆ.

ಪಟ್ಟಿಯ ಕ್ರಮದಲ್ಲಿ ನಾನು ಕಲಿಸುವುದಿಲ್ಲ. ಭಾರತದ ತಿಳಿವಳಿಕೆಯಿಂದಲೇ ಉತ್ತರ ಹೊಳೆಯುವ ಪ್ರಶ್ನೆಗಳು ಒಂದು ಕಡೆ, ಅದೇ ತಿಳಿವಳಿಕೆ ದಾರಿ ತಪ್ಪಿಸುವಂಥವು ಇನ್ನೊಂದು ಕಡೆ. ವಾಕ್ ಸ್ವಾತಂತ್ರ್ಯ, ಧರ್ಮ ಸ್ವಾತಂತ್ರ್ಯ, ಎರಡು ಸದನಗಳು, ಇವುಗಳಿಗೆ ಒಂದು ಸಂಜೆ ಸಾಕು. ಸ್ವಾತಂತ್ರ್ಯ ಘೋಷಣೆಯಾದ ದಿನ, ನದಿಗಳ ಹೆಸರು, ಯುದ್ಧಗಳ ಹೆಸರು ಉರು ಹೊಡೆಸುತ್ತೇನೆ. ಉಳಿದ ಹೊತ್ತೆಲ್ಲ ಎರಡನೇ ಕಡೆಯ ಪ್ರಶ್ನೆಗಳಿಗೇ ಮೀಸಲು.

ಅದರಲ್ಲಿ ಮೊದಲನೆಯದು ಅಧ್ಯಕ್ಷರು ಮತ್ತು ಕಾಂಗ್ರೆಸ್ ನಡುವಿನ ಗೋಡೆ. ಕಾಂಗ್ರೆಸ್ ಅಂದ ಕೂಡಲೇ ಎಲ್ಲರಿಗೂ ಪಕ್ಷ ನೆನಪಾಗುತ್ತದೆ, ಅದಿರಲಿ. ಇಲ್ಲಿ ಅದು ಸಂಸತ್ತು, ಅದರ ಮೇಲ್ಮನೆಯೇ ಸೆನೆಟ್. ಎರಡೂ ಸದನಗಳು ವಿರೋಧ ಪಕ್ಷದ ಕೈಗೆ ಹೋದರೂ ಅಧ್ಯಕ್ಷರು ಕುರ್ಚಿ ಬಿಡಬೇಕಿಲ್ಲ ಎಂದಾಗ ಅತ್ತೆ ನಂಬಲಿಲ್ಲ.

"ಬಹುಮತ ಹೋದ್ಮೇಲೆ ಸರ್ಕಾರ ಬೀಳಲ್ವೇನಮ್ಮ?"

"ಬೀಳಲ್ಲ ಅತ್ತೆ. ನಾಲ್ಕು ವರ್ಷ ಅಂದ್ರೆ ನಾಲ್ಕು ವರ್ಷ. ತೆಗೀಬೇಕು ಅಂದ್ರೆ ಕೆಳಮನೆ ಆರೋಪ ಹೊರಿಸಬೇಕು, ಸೆನೆಟ್‌ನಲ್ಲಿ ಮೂರರಲ್ಲಿ ಎರಡು ಭಾಗದ ಓಟು ಬೀಳಬೇಕು."

"ಹಾಗಾದ್ರೆ ಶಾಸಕರನ್ನ ರೆಸಾರ್ಟಿಗೆ ಕರ್ಕೊಂಡು ಹೋಗೋದೇ ಇಲ್ಲ ಅನ್ನು!"

ಅಧಿಕಾರ ವಿಭಜನೆಯನ್ನು ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಈಗ ಪ್ರತಿ ಹೊಸ ಗುಂಪಿಗೂ ಈ ಮಾತನ್ನೇ ಮೊದಲು ಹೇಳುತ್ತೇನೆ. ನಮ್ಮಲ್ಲಿ ಮಂತ್ರಿಯಾದವರು ಆರು ತಿಂಗಳೊಳಗೆ ಸದನದ ಸದಸ್ಯರಾಗಲೇಬೇಕು. ಇಲ್ಲಿ ಅದಕ್ಕೆ ತದ್ವಿರುದ್ಧ: ಸದಸ್ಯರು ಸಂಪುಟ ಸೇರಬೇಕಾದರೆ ಸದನ ಬಿಡಬೇಕು. 2009ರಲ್ಲಿ ಹಿಲರಿ ಕ್ಲಿಂಟನ್ ಸೆನೆಟ್‌ಗೆ ರಾಜೀನಾಮೆ ಕೊಟ್ಟೇ ವಿದೇಶಾಂಗ ಖಾತೆ ವಹಿಸಿಕೊಂಡರು.

ಸೆನೆಟ್ ವಿಷಯಕ್ಕೆ ರಾಜ್ಯಸಭೆ ಅರ್ಧ ದಾರಿಯವರೆಗೆ ನೆರವಾಗುತ್ತದೆ. ಆರು ವರ್ಷದ ಅವಧಿ, ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗಕ್ಕೆ ಚುನಾವಣೆ, ಇವು ಎರಡೂ ಕಡೆ ಒಂದೇ. ಅಮೆರಿಕ ಸಂವಿಧಾನದ 1913ರ 17ನೇ ತಿದ್ದುಪಡಿಯ ತನಕ ಸೆನೆಟರ್‌ಗಳನ್ನು ಆರಿಸುತ್ತಿದ್ದುದೂ ರಾಜ್ಯಗಳ ಶಾಸನಸಭೆಗಳೇ. ಆದರೆ ರಾಜ್ಯಸಭೆಯಲ್ಲಿ ಕರ್ನಾಟಕಕ್ಕೆ 12 ಸ್ಥಾನ, ಉತ್ತರ ಪ್ರದೇಶಕ್ಕೆ 31, ಸಿಕ್ಕಿಂಗೆ ಒಂದು. ಇಲ್ಲಿ ಸುಮಾರು ನಾಲ್ಕು ಕೋಟಿ ಜನರ ಕ್ಯಾಲಿಫೋರ್ನಿಯಾಗೂ ಎರಡೇ, ಆರು ಲಕ್ಷವೂ ಇಲ್ಲದ ವಯೋಮಿಂಗ್‌ಗೂ ಎರಡೇ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸಂವಿಧಾನ ಬರೆಯುವಾಗ ಸಣ್ಣ ರಾಜ್ಯಗಳು ಹಟ ಹಿಡಿದು ಕೂತದ್ದು, ಕೊನೆಗೆ ಕೆಳಮನೆ ಜನಸಂಖ್ಯೆಯ ಪ್ರಕಾರ, ಮೇಲ್ಮನೆ ಸರಿಸಮ ಎಂದು ರಾಜಿಯಾದದ್ದು, ಈ ಕಥೆ ಹೇಳಿದರೆ 'ಎರಡೇ ಯಾಕೆ' ಎಂಬ ಪ್ರಶ್ನೆಯನ್ನು ಯಾರೂ ಮರೆಯುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ವಾದ ಹುಟ್ಟಿಸಿದ್ದು 10ನೇ ತಿದ್ದುಪಡಿ. ನಮ್ಮ ಸಂವಿಧಾನದಲ್ಲಿ ಕೇಂದ್ರ, ರಾಜ್ಯಗಳಿಗೆ ಅಧಿಕಾರ ಹಂಚುವ ಮೂರು ಪಟ್ಟಿಗಳಿವೆ. ಯಾವ ಪಟ್ಟಿಯಲ್ಲೂ ಇಲ್ಲದ್ದು ಕೇಂದ್ರಕ್ಕೆ ಸೇರುತ್ತದೆ. ಇಲ್ಲಿ ಒಕ್ಕೂಟ ಸರ್ಕಾರಕ್ಕೆ ಕೊಡದೇ ಉಳಿದದ್ದು ರಾಜ್ಯಗಳಿಗೆ ಅಥವಾ ಜನರಿಗೆ. ಗುಂಪಿನಲ್ಲಿ ನಿವೃತ್ತ ವಕೀಲರೊಬ್ಬರಿದ್ದರು. ಒಂದೊಂದು ರಾಜ್ಯಕ್ಕೆ ಒಂದೊಂದು ದಂಡಸಂಹಿತೆ, ಗಡಿ ದಾಟಿದರೆ ಮರಣದಂಡನೆ ಇದ್ದದ್ದು ಇಲ್ಲವಾಗುತ್ತದೆ ಎಂಬುದು ಅವರಿಗೆ ಜೀರ್ಣವೇ ಆಗಲಿಲ್ಲ. "ಇದೊಂದು ದೇಶವೋ ಐವತ್ತು ದೇಶವೋ?" ಎಂದರು. "ಆ ಪ್ರಶ್ನೆಗೇ ಇವರು ಒಂದು ಅಂತರ್ಯುದ್ಧ ಮಾಡಿದ್ದು ರಾಯರೇ" ಎಂದೆ. ಅದು ಗುಲಾಮಗಿರಿಯ ಯುದ್ಧ ಎಂದು ಅವರೇ ತಿದ್ದಿದರು. ಮುಂದಿನ ಪಾಠಕ್ಕೆ ದಾರಿಯಾಯಿತು.

ಉತ್ತರ ಗೊತ್ತಿದ್ದರೆ ಸಾಲದು, ಚಿಕ್ಕದಾಗಿ ಹೇಳಬೇಕು. ಅಧಿಕಾರಿಗೆ ಬೇಕಾದ್ದು ಎರಡು ಮೂರು ಪದ. ನಮ್ಮವರು ಹರಿಕಥೆಗೆ ಇಳಿಯುತ್ತಾರೆ. ದುಭಾಷಿ ಹೇಳಿದ್ದನ್ನು ಹೇಳಿದ ಹಾಗೆಯೇ ದಾಟಿಸಬೇಕು, ತಾನಾಗಿ ತಿದ್ದುವ ಹಾಗಿಲ್ಲ. ಅದಕ್ಕೇ ಅಭ್ಯಾಸಕ್ಕೆ ಮೂವರು ಕೂರುತ್ತೇವೆ: ನಾನು ಅಧಿಕಾರಿ, ಇನ್ನೊಬ್ಬರು ದುಭಾಷಿ.

ನನ್ನನ್ನು ಕೇಳಿದರೆ, ಸಿವಿಕ್ಸ್‌ಗಿಂತ ಹೆಚ್ಚು ಎಚ್ಚರ ಬೇಕಾದ್ದು ಪ್ರವಾಸದ ಲೆಕ್ಕಕ್ಕೆ. ಅರ್ಜಿಗೆ ಮುಂಚಿನ ಐದು ವರ್ಷದಲ್ಲಿ ಕನಿಷ್ಠ 30 ತಿಂಗಳು ಅಮೆರಿಕದ ನೆಲದಲ್ಲಿ ಇದ್ದಿರಬೇಕು. ಒಂದೇ ಸಲಕ್ಕೆ ಆರು ತಿಂಗಳು ಮೀರಿ ಊರಲ್ಲಿ ಉಳಿದಿದ್ದರೆ ವಾಸ ಮುರಿದಿಲ್ಲವೆಂದು ತೋರಿಸುವ ಹೊಣೆ ನಮ್ಮದೇ. ಮಾವಿನ ಕಾಲಕ್ಕೆ ಹೋಗಿ ದೀಪಾವಳಿ ಮುಗಿಸಿ ಬರುವವರಿಗೆ ಇದು ಸಣ್ಣ ಮಾತಲ್ಲ. ಪಾಸ್‌ಪೋರ್ಟ್ ಮುದ್ರೆಗಳನ್ನು ನೋಡಿ ತಾರೀಖುಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ.

ಪ್ರಮಾಣವಚನ ತೆಗೆದುಕೊಂಡರೆ ಭಾರತದ ಪೌರತ್ವ ಹೋಗುತ್ತದೆ. ಸಿಗುವುದು ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡ್, ಅದರಲ್ಲಿ ಅಲ್ಲಿನ ಮತದ ಹಕ್ಕಿಲ್ಲ. ಕೃಷಿ ಜಮೀನು, ತೋಟ ಹೊಸದಾಗಿ ಕೊಳ್ಳುವ ಹಾಗೂ ಇಲ್ಲ. ಮೊದಲಿನಿಂದ ಇರುವುದನ್ನು ಇಟ್ಟುಕೊಳ್ಳಬಹುದು. ಇದನ್ನು ಮೊದಲ ದಿನವೇ ಹೇಳಿಬಿಡುತ್ತೇನೆ. ಕೇಳಿ ಎದ್ದುಹೋದವರೂ ಇದ್ದಾರೆ, ಅದು ಅವರವರ ನಿರ್ಧಾರ.

ಪರೀಕ್ಷೆ ಮುಗಿದರೂ ಪಾಠ ಮುಗಿಯದಂತೆ ಮಾಡಿದ್ದು ಕ್ಯಾಲಿಫೋರ್ನಿಯಾದ ಮತಪತ್ರ. ನೋಂದಾಯಿತ ಮತದಾರರಿಗೆಲ್ಲ ಅದು ಅಂಚೆಯಲ್ಲೇ ಮನೆಗೆ ಬರುತ್ತದೆ. 2024ರ ನವೆಂಬರಿನಲ್ಲಿ ಅಧ್ಯಕ್ಷರಿಂದ ಹಿಡಿದು ಸ್ಥಳೀಯ ಹುದ್ದೆಗಳವರೆಗೆ ಹೆಸರುಗಳು, ಅದರ ಮೇಲೆ ರಾಜ್ಯದ ಹತ್ತು ಪ್ರಸ್ತಾವಗಳು: ಸಾಲಪತ್ರ, ಕನಿಷ್ಠ ಕೂಲಿ, ಬಾಡಿಗೆ ನಿಯಂತ್ರಣ.

"ಇದನ್ನೆಲ್ಲ ನಾವೇ ತೀರ್ಮಾನ ಮಾಡೋದಾದ್ರೆ ಶಾಸಕರು ಯಾತಕ್ಕಮ್ಮ?" ಎಂದರು ಅತ್ತೆ. ಪಟ್ಟಿಯಲ್ಲಿ ಈ ಪ್ರಶ್ನೆ ಇರಲಿಲ್ಲ. ಜೊತೆಗೆ ಬರುವ ದಪ್ಪ ಮಾರ್ಗದರ್ಶಿ ಕನ್ನಡದಲ್ಲಿಲ್ಲ. ಒಂದೊಂದು ಪ್ರಸ್ತಾವವನ್ನೂ ನಾನು ಓದಿ ಹೇಳಿದೆ, ಪರ ಯಾರು ವಿರೋಧ ಯಾರು ಎಂದು ಕೇಳಿ ಅವರು ಗುರುತು ಹಾಕಿದರು. ಬಾಡಿಗೆ ನಿಯಂತ್ರಣದ ಮೇಲೆ ನಮ್ಮಿಬ್ಬರ ಓಟು ಬೇರೆಬೇರೆ ಆಯಿತು.